ಎಣ್ಣೆಯಲ್ಲದ ಎಣ್ಣೆ

ಕೊಲ್ಲಿ ದೇಶದ ಬಂದರು ಮೀನಾ ಸಲ್ಮಾನ್‌ನ ಗ್ಯಾರೇಜು ಸಾಲಿನಲ್ಲಿ ಕೊನೆಯಿಂದ ಎರಡನೆಯ ಶೆಡ್ಡು ಯೂಸುಫಾಕ ಕೆಲಸ ಮಾಡುವ ಜಾಗ. ಆ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ, ಲ್ಯಾನ್ಸಿಯ ಪಿಕಪ್ಪು ಒಳಗೆ ತಿರುಗುವ ಮೊದಲೇ ಅದರ ವಾಸನೆ ಬಂದು ಮುಟ್ಟಿತು. ಸುಟ್ಟ ಬ್ರೇಕಿನ ವಾಸನೆ. ಒಮ್ಮೆ ಮೂಗಿಗೆ ಹತ್ತಿದರೆ ಮತ್ತೆ ಯಾವತ್ತೂ ಗುರುತು ತಪ್ಪುವುದಿಲ್ಲ. ಯೂಸುಫಾಕ ಕೈಯಲ್ಲಿದ್ದ ಚಹಾದ ಗ್ಲಾಸನ್ನು ಅರ್ಧಕ್ಕೇ ಮೇಜಿನ ಮೇಲಿಟ್ಟರು.

ಹತ್ತು ದಿನದಲ್ಲಿ ಇದು ಮೂರನೇ ಸಲ.

ಲ್ಯಾನ್ಸಿ ಇಳಿದು ಬಾಗಿಲು ಬಡಿದ. "ಯೂಸುಫಾಕ, ಇವತ್ತು ನಾಲ್ಕು ಗಂಟೆ."

"ಗೊತ್ತುಂಟು."

"ಗೊತ್ತಿದ್ದರೆ ಸಾಲದು ಮಾರಾಯ್ರೆ. ಗಾಡಿ ಸರಿಯಾಗ್ಬೇಕು."

ಲ್ಯಾನ್ಸಿ ಕಿನ್ನಿಗೋಳಿಯವನು. ಹದಿನಾರು ವರ್ಷದಿಂದ ಸೇತುವೆಯಾಚೆಯ ಹಿದ್‌ನ ಒಂದು ಗೋದಾಮು ಕಂಪನಿಯ ಕ್ಯಾಂಟೀನಿಗೆ ತರಕಾರಿ, ಕುಡಿಯುವ ನೀರಿನ ಕ್ಯಾನು ಸಾಗಿಸುತ್ತಿದ್ದ. ಹಳೆಯ ಗಾಡಿಗಳು ಒಳಗೆ ಬರಬೇಕಾದರೆ ಕಂಪನಿಯದ್ದೇ ಒಂದು ಗೇಟ್ ಪಾಸ್ ಬೇಕು. ಹೋದ ವಾರ ಅಂಗಳದ ಇಳಿಜಾರಿನಲ್ಲಿ ಅವನ ಪಿಕಪ್ಪಿನ ಮುಂದಿನ ಬಲಗಡೆಯ ಚಕ್ರದಿಂದ ಹೊಗೆ ಎದ್ದಿತ್ತು. ಅದನ್ನು ಅಲ್ಲಿನ ಸುರಕ್ಷತಾ ಅಧಿಕಾರಿ ಲಕ್ಷ್ಮೀಪತಿ ಕಣ್ಣಾರೆ ನೋಡಿದ್ದರು. ಗುರುವಾರ ನಾಲ್ಕರೊಳಗೆ ಸರಿಮಾಡಿ ತೋರಿಸಿ, ಇಲ್ಲದಿದ್ದರೆ ಪಾಸ್ ರದ್ದು ಎಂದು ಕಾಗದ ಕೊಟ್ಟಿದ್ದರು. ಪಾಸ್ ಹೋದರೆ ಲ್ಯಾನ್ಸಿಗೆ ಬೇರೆ ಕೆಲಸ ಇರಲಿಲ್ಲ. ಆ ಕೆಲಸದ ಮೇಲೆಯೇ ಅವನ ವೀಸಾ ನಿಂತಿತ್ತು, ಹತ್ತನೇ ಕ್ಲಾಸಿನ ಮಗಳು ನತಾಶಾಳ ಶಾಲೆಯೂ ನಿಂತಿತ್ತು.

ಯೂಸುಫಾಕ ಮುಂದಿನ ಬಲಚಕ್ರದ ಹತ್ತಿರ ಕುಕ್ಕರುಗಾಲಿನಲ್ಲಿ ಕುಳಿತು ಅಂಗೈಯ ಹಿಂಭಾಗವನ್ನು ಹತ್ತಿರ ತಂದರು. ಚಕ್ರಕ್ಕೆ ಒಂದು ಗೇಣು ದೂರವಿರುವಾಗಲೇ ಕೈ ಹಿಂದೆ ಬಂತು. ಎಡಚಕ್ರವೂ ಹಾಗೆಯೇ ಕಾದಿತ್ತು.

ಅವರಿಗೆ ಐವತ್ತಾರು ವರ್ಷ. ಬಿ.ಸಿ. ರೋಡಿನ ಜೀಪು ಗ್ಯಾರೇಜಿನಲ್ಲಿ ಕೆಲಸ ಕಲಿತು ಇಲ್ಲಿಗೆ ಬಂದು ಮೂವತ್ತೊಂದು ವರ್ಷವಾಗಿತ್ತು. ಮಾತು ಕಡಿಮೆ. ಬಿಚ್ಚಿದ ಪ್ರತಿಯೊಂದು ನಟ್ಟನ್ನೂ ಬಿಚ್ಚಿದ ಕ್ರಮದಲ್ಲೇ ಹಳೆಯ ಪೇಪರಿನ ಮೇಲೆ ಸಾಲಾಗಿ ಇಡುವವರು. ಗ್ಲಾಸಿನ ತಳ ನೋಡದೆ ಯೂಸುಫಾಕ ಚಹಾ ಕುಡಿಯುವುದಿಲ್ಲ ಎಂದು ಸಾಲಿನವರೆಲ್ಲ ತಮಾಷೆ ಮಾಡುತ್ತಿದ್ದರು. ಅಂಥವರ ಕೈಯಿಂದ ಒಂದೇ ಗಾಡಿ ಎರಡು ಸಲ ತಪ್ಪಿಹೋಗಿತ್ತು.

ಮೊದಲ ಸಲ ಬಂದಾಗ, ಚಕ್ರದ ತಟ್ಟೆಯನ್ನು ಹಿಡಿಯುವ ಬ್ರೇಕಿನ ಕ್ಯಾಲಿಪರ್ ಜಾರುವ ಪಿನ್ನು ಒಣಗಿದ್ದು ಕಂಡಿತ್ತು. ಉಜ್ಜಿ, ಗ್ರೀಸು ಹಚ್ಚಿ ಕಳುಹಿಸಿದ್ದರು. ಎರಡನೆಯ ಸಲ ಎರಡೂ ಕಡೆಯ ಪಿನ್ನುಗಳನ್ನೂ ಅವುಗಳ ರಬ್ಬರು ಟೊಪ್ಪಿಗಳನ್ನೂ ಹೊಸದು ಹಾಕಿದ್ದರು. ಎರಡು ಸಲವೂ ಶೆಡ್ಡಿನಿಂದ ಹೊರಟಾಗ ಚಕ್ರ ಹಗುರವಾಗಿ ತಿರುಗುತ್ತಿತ್ತು. ಎರಡು ಸಲವೂ ಏಳೆಂಟು ಕಿಲೋಮೀಟರಿನ ನಂತರ ಹಿಡಿದುಕೊಂಡಿತ್ತು.

"ತಣ್ಣಗಾದ ಮೇಲೆ ನೋಡಿದ್ದೇ ತಪ್ಪಾಯ್ತು," ಎಂದರು ಯೂಸುಫಾಕ. "ಈಗ ಹಿಡಿದುಕೊಂಡಿರುವಾಗಲೇ ನೋಡ್ಬೇಕು. ಜಾಕಿ ಕೊಡು."

ಮುಂದಿನ ಎರಡೂ ಚಕ್ರಗಳನ್ನು ಎತ್ತಿದರು. ಲ್ಯಾನ್ಸಿ ಚಿಂದಿ ಬಟ್ಟೆ ಸುತ್ತಿದ ಎರಡೂ ಕೈಯಿಂದ ಬಲಚಕ್ರವನ್ನು ತಿರುಗಿಸಲು ನೋಡಿದ. ಅದು ಒಂದು ಅಂಗುಲವೂ ಕದಲಲಿಲ್ಲ. ಯೂಸುಫಾಕ ಕ್ಯಾಲಿಪರಿನ ಮೇಲಿದ್ದ, ಗಾಳಿ ಬಿಡುವ ಚಿಕ್ಕ ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿದರು. ಚುಯ್ ಎಂದು ಬ್ರೇಕಿನ ದ್ರವದ ಒಂದು ಎಳೆ ಹಾರಿ ಗೋಡೆಗೆ ಬಿತ್ತು.

"ಈಗ ತಿರುಗಿಸು."

ಚಕ್ರ ತಿರುಗಿತು. ಎಡಗಡೆಯದ್ದೂ ಹಾಗೆಯೇ ಬಿಟ್ಟಿತು.

ಹಾಗಾದರೆ ತಪ್ಪು ಪಿನ್ನಿನದ್ದಲ್ಲ. ಪೆಡಲಿನಿಂದ ಕಾಲು ತೆಗೆದ ಮೇಲೂ ಒತ್ತಡ ಹಿಂದಕ್ಕೆ ಹೋಗದೆ ಚಕ್ರದ ಹತ್ತಿರವೇ ನಿಂತಿತ್ತು. ದಾರಿಯಲ್ಲಿ ಎಲ್ಲಿ ತಡೆ? ಯೂಸುಫಾಕ ನಿಪ್ಪಲುಗಳನ್ನು ಬಿಗಿದು, ಲ್ಯಾನ್ಸಿಯನ್ನು ಸೀಟಿಗೆ ಹತ್ತಿಸಿ ಇಪ್ಪತ್ತು ಸಲ ಪೆಡಲು ತುಳಿಸಿದರು. ಚಕ್ರಗಳು ಮತ್ತೆ ಹಿಡಿದುಕೊಂಡವು. ಈ ಸಲ ಅವರು ಚಕ್ರದ ಹತ್ತಿರ ಹೋಗಲಿಲ್ಲ. ಬಾನೆಟ್ಟಿನ ಕೆಳಗೆ, ಪೆಡಲಿನ ಒತ್ತನ್ನು ನಾಲ್ಕು ಚಕ್ರಗಳಿಗೂ ಕಳುಹಿಸುವ ಮಾಸ್ಟರ್ ಸಿಲಿಂಡರಿನಲ್ಲಿ ಮುಂದಿನ ಪೈಪಿನ ನಟ್ಟನ್ನು ಸಡಿಲಿಸಿದರು. ಎರಡು ಚಕ್ರಗಳೂ ಒಟ್ಟಿಗೆ ಬಿಟ್ಟವು.

"ಇಲ್ಲಿ," ಎಂದರು, ಬೆರಳಿನಿಂದ ಸಿಲಿಂಡರನ್ನು ಮುಟ್ಟಿ. "ಇದರ ಒಳಗೆ."

ಅದರ ಮೇಲೆ ಅರೆಪಾರದರ್ಶಕ ಪ್ಲಾಸ್ಟಿಕ್ಕಿನ ಡಬ್ಬಿ ಕೂತಿತ್ತು. ಒಳಗಿನ ದ್ರವದ ಮಟ್ಟ ಹೊರಗಿನಿಂದಲೇ ಕಾಣುತ್ತದೆ. ಎರಡು ಸಲವೂ ಅವರು ಹೊರಗಿನಿಂದಲೇ ನೋಡಿದ್ದರು. ಗೆರೆಯ ತನಕ ಇತ್ತು, ಸಾಕು ಎಂದುಕೊಂಡಿದ್ದರು. ತೆರೆಯದೆ ನೋಡಬಹುದಾದದ್ದನ್ನು ತೆರೆಯಬಾರದು ಎಂಬುದು ಅವರ ಪದ್ಧತಿ. ಇಲ್ಲಿಯ ಗಾಳಿಯಲ್ಲಿ ಯಾವಾಗಲೂ ಮರಳಿನ ಹುಡಿ ಇರುತ್ತದೆ, ಬ್ರೇಕಿಗೆ ಒಂದು ಕಣ ಹೋದರೂ ಕಷ್ಟ.

ಈಗ ಸುತ್ತಲೂ ಒರೆಸಿ ಮುಚ್ಚಳ ತಿರುಗಿಸಿದರು. ಮುಚ್ಚಳದ ಒಳಗಿನ ರಬ್ಬರು ಹೊರಗೆ ಬಂತು. ಮತ್ತೆ ಒಳಗೆ ಹೋಗಲಿಲ್ಲ. ಒದ್ದೆಯಾದ ಹಪ್ಪಳದ ಹಾಗೆ ಅದರ ಅಂಚು ಅಲೆ ಅಲೆಯಾಗಿ ಉಬ್ಬಿತ್ತು.

ಯೂಸುಫಾಕ ಅದನ್ನು ಪೇಪರಿನ ಮೇಲಿಟ್ಟರು. ಆಮೇಲೆ ಹೋಗಿ ತಮ್ಮ ಅರ್ಧ ಚಹಾವನ್ನು ಚೆಲ್ಲಿ, ಗ್ಲಾಸು ತೊಳೆದು, ನೀರು ತುಂಬಿಸಿ ತಂದರು. ಡಬ್ಬಿಯೊಳಗೆ ಒಂದು ತಂತಿ ಅದ್ದಿ ನೀರಿನ ಮೇಲೆ ಹಿಡಿದರು. ಬ್ರೇಕಿನ ದ್ರವ ಎಣ್ಣೆಯಲ್ಲ, ನೀರಿನಲ್ಲಿ ಕರಗಿಹೋಗುತ್ತದೆ. ಆದರೆ ತಂತಿಯಿಂದ ಬಿದ್ದ ಹನಿಯಲ್ಲಿ ಒಂದಷ್ಟು ಕರಗಿ, ಉಳಿದದ್ದು ಮೇಲೆ ತೇಲಿ, ಸಾರಿನ ಒಗ್ಗರಣೆಯ ಹಾಗೆ ಕಣ್ಣು ಕಣ್ಣಾಗಿ ಹರಡಿತು.

"ಇದಕ್ಕೆ ಯಾರೋ ಎಣ್ಣೆ ಹಾಕಿದ್ದಾರೆ," ಎಂದರು. "ರಬ್ಬರೆಲ್ಲ ಉಬ್ಬಿದೆ. ಬಿಸಿಯಾದಾಗ ಇನ್ನೂ ಉಬ್ಬಿ, ಒತ್ತಡ ವಾಪಸು ಬರುವ ಸೂಜಿಮೊನೆಯಷ್ಟು ತೂತನ್ನು ಮುಚ್ತದೆ. ಯಾರು ಹಾಕಿದ್ದು?"

"ನಾನು ಮುಟ್ಲೇ ಇಲ್ಲ." ಲ್ಯಾನ್ಸಿ ಯೋಚಿಸಿದ. "ನಾನು ಕಿಡ್ನಿಯ ಕಲ್ಲಿಗೆ ಆಸ್ಪತ್ರೆಯಲ್ಲಿ ಮಲಗಿದ್ದೆನಲ್ಲ, ಆ ಮೂರು ದಿನ ಪೌಲಿನ್ ಓಡಿಸಿದ್ದಳು. ಅವಳೇ ಇರ್ಬೇಕು."

ಪಕ್ಕದ ಶೆಡ್ಡಿನ ಕಂಪ್ರೆಸರ್ ಗದ್ದಲ ಮಾಡುತ್ತಿತ್ತು. ಯೂಸುಫಾಕ ಫೋನು ಹಿಡಿದು ಹೊರಗಿನ ಬಿಸಿಲಿಗೆ ಹೋದರು.

"ಪೌಲಿನ್ ಬಾಯಿ, ಲ್ಯಾನ್ಸಿ ಆಸ್ಪತ್ರೆಯಲ್ಲಿದ್ದಾಗ ಬ್ರೇಕಿನ ಡಬ್ಬಿಗೆ ಎಂತಾದ್ರೂ ಹಾಕಿದ್ರಾ?"

"ಹಾಕಿದ್ದೇನಲ್ಲ," ಎಂದಳು ಲ್ಯಾನ್ಸಿಯ ಹೆಂಡತಿ. "ಕೆಂಪು ಲೈಟು ಬಂತೂಂತ ನಿಮಗೇ ಫೋನ್ ಮಾಡಿದ್ದು, ಮರೆತುಹೋಯ್ತಾ ಯೂಸುಫಾಕ? ಆಯಿಲ್ ಕಡಿಮೆ ಆಗಿರ್ಬೇಕು, ಚಿಕ್ಕ ಡಬ್ಬಿಗೆ ಗೆರೆ ತನಕ ಆಯಿಲ್ ಹಾಕಿ ಅಂತ ಹೇಳಿದ್ದಿರಿ. ಸೀಟಿನ ಹಿಂದೆ ಕೆಂಪು ಬಾಟಲಿ ಇತ್ತು. ಗೆರೆ ತನಕವೇ ಹಾಕಿದ್ದೇನೆ, ಒಂದು ಹನಿ ಹೆಚ್ಚಿಲ್ಲ. ಯಾಕೆ?"

ಯೂಸುಫಾಕ ತಿರುಗಿ ಪಿಕಪ್ಪಿನ ಸೀಟಿನ ಕಡೆ ನೋಡಿದರು. ಆ ಕೆಂಪು ಬಾಟಲಿ ಸ್ಟೇರಿಂಗಿನ ಆಯಿಲ್. ಹಳೆಯ ಗಾಡಿ, ಸ್ಟೇರಿಂಗು ಸ್ವಲ್ಪ ಸೋರುತ್ತದೆ, ದಾರಿಗೆ ಇರಲಿ ಎಂದು ಅದನ್ನು ಸೀಟಿನ ಹಿಂದೆ ಇಟ್ಟವರು ಅವರೇ. ಆಯಿಲ್ ಹಾಕಿ ಎಂದವರೂ ಅವರೇ. ಮೂವತ್ತೊಂದು ವರ್ಷದಲ್ಲಿ ಅದನ್ನು ಬೇರೆ ಹೆಸರಿನಿಂದ ಕರೆದದ್ದೇ ಇಲ್ಲ. ಊರಿನ ಗ್ಯಾರೇಜಿನಲ್ಲಿ ಅದು ಬ್ರೇಕಾಯಿಲ್. ಇಲ್ಲಿ ಹಿಂದಿಯವರಿಗೆ ತೇಲ್, ಅರಬಿ ಅಂಗಡಿಯವನಿಗೆ ಜೇತ್. ಎಣ್ಣೆಯಲ್ಲದ ಒಂದು ವಸ್ತುವನ್ನು ಎಲ್ಲ ಭಾಷೆಯಲ್ಲೂ ಎಣ್ಣೆ ಎಂದೇ ಕರೆದು, ಯಾರಿಗೂ ಏನೂ ಆಗಿರಲಿಲ್ಲ. ಯಾಕೆಂದರೆ ಹಾಕುವ ಕೈ ಯಾವಾಗಲೂ ಮೆಕ್ಯಾನಿಕ್ಕಿನದ್ದೇ ಆಗಿರುತ್ತಿತ್ತು.

"ಏನಿಲ್ಲ ಬಾಯಿ. ಆಮೇಲೆ ಹೇಳ್ತೇನೆ," ಎಂದು ಒಳಗೆ ಬಂದರು.

"ಅವಳೇ ಅಲ್ವಾ?" ಎಂದ ಲ್ಯಾನ್ಸಿ.

"ಸ್ಟೇರಿಂಗ್ ಆಯಿಲ್ ಹಾಕಿದ್ದಂತೆ."

"ನೋಡಿ. ಬುದ್ಧಿ ಬೇಡ್ವಾ ಅವಳಿಗೆ? ಓದಿದವಳು, ಬಾಟಲಿಯ ಮೇಲೆ ಬರೆದದ್ದು ಓದ್ಲಿಕ್ಕಾಗುದಿಲ್ವಾ?"

ಹೇಳಬೇಕಾಗಿದ್ದ ಇನ್ನರ್ಧವನ್ನು ಯೂಸುಫಾಕ ಆಮೇಲಕ್ಕೆ ಬಿಟ್ಟರು. ಅವರು ಪೇಪರಿನ ತುಂಡೊಂದನ್ನು ತೆಗೆದು ಬೇಕಾದ ಸಾಮಾನು ಬರೆಯತೊಡಗಿದರು. ಮಾಸ್ಟರ್ ಸಿಲಿಂಡರ್, ಮುಂದಿನ ಎರಡು ರಬ್ಬರು ಹೋಸು, ಕ್ಯಾಲಿಪರಿನ ರಬ್ಬರು, ಹಿಂದಿನ ಚಕ್ರದ ಸಿಲಿಂಡರ್, ಹೊಸ ಪ್ಯಾಡು. ಆ ಎಣ್ಣೆ ಮುಟ್ಟಿದ ಒಂದು ರಬ್ಬರನ್ನೂ ಬಿಡುವಂತಿರಲಿಲ್ಲ. ಗಡಿಯಾರ ಹನ್ನೊಂದು ತೋರಿಸುತ್ತಿತ್ತು.

ಲ್ಯಾನ್ಸಿ ಪಟ್ಟಿ ಎಳೆದುಕೊಂಡು ಓದಿದ. "ಇಷ್ಟೆಲ್ಲ ನಾಲ್ಕರೊಳಗೆ ಆಗ್ಲಿಕ್ಕುಂಟಾ? ಒಂದು ಕೆಲಸ ಮಾಡುವಾ. ಈಗ ನಿಪ್ಪಲ್ ಬಿಟ್ಟ ಕೂಡಲೇ ಚಕ್ರ ಬಿಟ್ಟಿತಲ್ಲ? ಗೇಟಿನ ಹತ್ತಿರ ಹಾಗೆಯೇ ಒಮ್ಮೆ ಬಿಡುವಾ. ಲಕ್ಷ್ಮೀಪತಿ ಸರ್ ನೋಡುವಾಗ ಹಗುರ ಇದ್ರೆ ಸಾಕು. ಉಳಿದದ್ದು ಶನಿವಾರ."

"ಆಗ್ಲಿಕ್ಕಿಲ್ಲ."

"ಒಂದೇ ಸಲ ಯೂಸುಫಾಕ."

"ಈ ಗಾಡಿ ಇಲ್ಲಿಂದ ಓಡಿಕೊಂಡು ಹೋಗುದಿಲ್ಲ," ಎಂದರು ಯೂಸುಫಾಕ. "ಇವತ್ತು ಹಿಡಿದುಕೊಳ್ತದೆ. ನಾಳೆ ರಬ್ಬರು ಹರಿದರೆ ಹಿಡಿಯುವುದೇ ಇಲ್ಲ. ಅರ್ಧ ಟನ್ನು ನೀರಿನ ಕ್ಯಾನು ಹಿಂದೆ ಇರುವಾಗ ಹಿಡಿಯದಿದ್ರೆ?"

"ನನ್ನ ಪಾಸ್ ಹೋದರೆ ನಾನು ಎಂತ ಮಾಡ್ಬೇಕು? ಅದನ್ನು ಹೇಳಿ."

ಲ್ಯಾನ್ಸಿ ಸಿಟ್ಟಿನಲ್ಲಿ ಫೋನು ತೆಗೆದು ಹೆಂಡತಿಗೆ ಹಚ್ಚಿದ. ಕೊಂಕಣಿಯಲ್ಲಿ ಮೊದಲ ಮಾತೇ ಬೈಗುಳವಾಗಿತ್ತು. ಎರಡನೆಯದು ಅದಕ್ಕಿಂತ ಜೋರಾಗಿತ್ತು. ಯೂಸುಫಾಕ ಎದ್ದು ಹೋಗಿ, ಗ್ರೀಸಿನ ಕೈಯಲ್ಲೇ ಅವನ ಮಣಿಗಂಟು ಹಿಡಿದರು.

"ಅವರಿಗೆ ಬೈಬೇಡ. ನಾನು ಹೇಳಿದ್ದು."

"ಎಂತ ಹೇಳಿದ್ದು?"

"ಆಯಿಲ್ ಹಾಕಿ ಅಂತ ಹೇಳಿದ್ದು. ಯಾವ ಆಯಿಲ್ ಅಂತ ಹೇಳ್ಲಿಲ್ಲ. ಬಾಟಲಿ ಅಲ್ಲಿಟ್ಟದ್ದೂ ನಾನೇ. ಅವರು ಹೇಳಿದ ಹಾಗೆ ಮಾಡಿದ್ದಾರೆ."

ಫೋನಿನೊಳಗಿಂದ ಪೌಲಿನ್ ಹಲೋ ಹಲೋ ಎನ್ನುತ್ತಿದ್ದಳು. ಲ್ಯಾನ್ಸಿ ಅದನ್ನು ಕಟ್ ಮಾಡಿದ.

"ಗ್ಲಾಸಿನ ತಳ ನೋಡಿ ಚಹಾ ಕುಡಿಯುವವರು ನೀವು," ಎಂದ. ಬೈದದ್ದಕ್ಕಿಂತ ಅದು ಹೆಚ್ಚು ತಾಗಿತು. "ಬೇರೆ ಕಡೆ ತೆಗೆದುಕೊಂಡು ಹೋಗ್ತೇನೆ ಗಾಡಿ."

"ಹೋಗು. ಆದ್ರೆ ಓಡಿಸಿಕೊಂಡು ಹೋಗ್ಬೇಡ. ಎಳೆಸಿಕೊಂಡು ಹೋಗು."

ಲ್ಯಾನ್ಸಿ ಹೋಗಲಿಲ್ಲ. ಶೆಡ್ಡಿನ ಬಾಗಿಲಿನ ತನಕ ಹೋಗಿ, ತಿರುಗಿ ಬಂದು, ಅಂಗಿಯ ತೋಳು ಮಡಚಿದ. "ಎಲ್ಲಿಂದ ಬಿಚ್ಚಬೇಕು?"

ಸಾಮಾನು ತರುವ ಕೆಲಸ ಪೌಲಿನ್‌ಗೆ ಬಂತು. ಟ್ಯಾಕ್ಸಿ ಮಾಡಿಕೊಂಡು ಬಿಡಿಭಾಗದ ಅಂಗಡಿಗೆ ಹೋಗಿ ಅವಳು ಫೋನು ಮಾಡಿದಳು. "ಇನ್ನೆಂತ ಬೇಕು?"

"ಇನ್ನು ನಾಲ್ಕು ಬಾಟಲಿ ಬ್ರೇಕಿನ..." ಯೂಸುಫಾಕ ನಿಲ್ಲಿಸಿದರು. ನಾಲಿಗೆಯ ತುದಿಗೆ ಅದೇ ಪದ ಬಂದಿತ್ತು. "ಬ್ರೇಕಿನ ಅದು..."

"ಹೆಸರು ಬೇಡ ಯೂಸುಫಾಕ. ಬಾಟಲಿಯ ಫೋಟೋ ಕಳುಹಿಸಿ."

ಅವರು ಖಾಲಿ ಬಾಟಲಿಯೊಂದನ್ನು ಹುಡುಕಿ ಫೋಟೋ ಕಳುಹಿಸಿದರು. ಅವಳು ತಾನು ಕೊಂಡ ನಾಲ್ಕೂ ಬಾಟಲಿಗಳ ಫೋಟೋವನ್ನು ಒಂದೊಂದಾಗಿ ವಾಪಸು ಕಳುಹಿಸಿದಳು, ಬಾಟಲಿಯ ಹಿಂಬದಿಯ ಚೀಟಿಯನ್ನೂ ಸೇರಿಸಿ.

ಹನ್ನೆರಡೂವರೆಗೆ ಸಾಮಾನು ಬಂತು. ಯೂಸುಫಾಕ ಶೆಡ್ಡಿನ ಮೂಲೆಯಲ್ಲಿ ಬೇಗ ಬೇಗ ಮಧ್ಯಾಹ್ನದ ಲುಹರ್ ನಮಾಜು ಮುಗಿಸಿ ಬಂದರು. ಊಟದ ಮಾತು ಯಾರೂ ಎತ್ತಲಿಲ್ಲ. ಹಳೆಯ ಸಿಲಿಂಡರ್ ಬಿಚ್ಚಿದಾಗ ಒಳಗಿನ ರಬ್ಬರು ನೆನೆಹಾಕಿದ ಕಡಲೆಯ ಹಾಗೆ ಮೆತ್ತಗೆ ಊದಿಕೊಂಡಿತ್ತು. ಅದನ್ನು ಅವರು ಎಸೆಯಲಿಲ್ಲ, ಪೇಪರಿನ ಮೇಲೆ ನಟ್ಟುಗಳ ಸಾಲಿನ ಕೊನೆಗೆ ಇಟ್ಟರು. ಪೈಪುಗಳನ್ನು ತೊಳೆದು, ಗಾಳಿ ಊದಿ, ಮತ್ತೆ ತೊಳೆದರು. ಗ್ಲಾಸಿನಲ್ಲಿ ಪರೀಕ್ಷಿಸಿದರು. ಒಂದು ಸಣ್ಣ ಕಣ್ಣು ತೇಲಿತು. ಮೂರನೇ ಸಲ ತೊಳೆದರು.

"ಎರಡು ಗಂಟೆ ಆಯ್ತು," ಎಂದ ಲ್ಯಾನ್ಸಿ.

"ಆಗ್ಲಿ."

ಎರಡೂ ಮುಕ್ಕಾಲಿಗೆ ಪೈಪುಗಳೊಳಗಿನ ಗಾಳಿ ತೆಗೆಯುವ ಕೆಲಸ ಶುರುವಾಯಿತು. ಲ್ಯಾನ್ಸಿ ಪೆಡಲಿನ ಮೇಲೆ, ಯೂಸುಫಾಕ ಚಕ್ರದ ಕೆಳಗೆ, ಬಾನೆಟ್ಟಿನ ಹತ್ತಿರ ಬಾಟಲಿ ಹಿಡಿದು ಪೌಲಿನ್.

"ತುಳಿ. ಹಿಡಿ." ನಿಪ್ಪಲ್ ತೆರೆಯುವ ಸದ್ದು. "ಬಿಡು. ಬಾಯಿ, ಡಬ್ಬಿ ನೋಡಿ."

"ಗೆರೆಗಿಂತ ಒಂದು ಬೆರಳು ಕೆಳಗೆ."

"ಹಾಕಿ. ತುಳಿ. ಹಿಡಿ."

ನಾಲ್ಕು ಚಕ್ರ. ಪ್ರತಿ ಚಕ್ರದಲ್ಲೂ ಗುಳ್ಳೆ ನಿಂತ ಮೇಲೆ ಇನ್ನೂ ಐದು ಸಲ. ಲ್ಯಾನ್ಸಿಯ ಬಲಗಾಲು ನಡುಗತೊಡಗಿತು, ಆದರೂ ಅವನು ಸಾಕೇ ಎಂದು ಕೇಳಲಿಲ್ಲ. ಚಕ್ರ ಕೂರಿಸಿ ಕೊನೆಯ ನಟ್ಟು ಬಿಗಿಯುವಾಗ ಮೂರೂ ಇಪ್ಪತ್ತಾಗಿತ್ತು.

ಗಾಡಿಯನ್ನು ಯೂಸುಫಾಕನೇ ಓಡಿಸಿದರು. ಲ್ಯಾನ್ಸಿ ಪಕ್ಕದಲ್ಲಿ, ಪೌಲಿನ್ ಕಿಟಕಿಯ ಕಡೆ. ಮೊದಲ ಎರಡು ಕಿಲೋಮೀಟರಿಗೆ ಒಮ್ಮೆ ಬದಿಗೆ ನಿಲ್ಲಿಸಿ, ಇಳಿದು, ಎರಡೂ ಚಕ್ರಕ್ಕೆ ಅಂಗೈಯ ಹಿಂಭಾಗ ಹಿಡಿದರು. ಸರಿ ಇತ್ತು. ಹಿದ್ ಕಡೆಯ ಸೇತುವೆಗೆ ಮೊದಲು ಮತ್ತೆ ನಿಲ್ಲಿಸಿದರು.

"ಪುನಃ ಯಾಕೆ?" ಎಂದ ಲ್ಯಾನ್ಸಿ. ಗಂಟೆ ಮೂರೂ ನಲವತ್ತು.

ಎಡಚಕ್ರ ಉಗುರುಬೆಚ್ಚಗಿತ್ತು. ಬಲಚಕ್ರ ಅದಕ್ಕಿಂತ ಬಿಸಿ. ಹೆಚ್ಚಿಲ್ಲ, ಆದರೆ ಬಿಸಿ. ಯೂಸುಫಾಕ ಕೈ ತೆಗೆದು ಮತ್ತೊಮ್ಮೆ ಹಿಡಿದರು. ಅನುಮಾನವೇ ಇಲ್ಲ.

"ಜಾಕಿ."

"ಯೂಸುಫಾಕ, ಟೈಮು..."

"ಜಾಕಿ ಕೊಡು ಲ್ಯಾನ್ಸಿ."

ಟ್ರೇಲರುಗಳು ಗಾಡಿಯನ್ನೇ ಅಲುಗಿಸಿಕೊಂಡು ಹಾದುಹೋಗುತ್ತಿದ್ದವು. ರಸ್ತೆಯ ಬದಿಯಲ್ಲಿ ಮೊಣಕಾಲೂರಿ ಚಕ್ರವನ್ನು ಎತ್ತಿ ತಿರುಗಿಸಿದರು. ಅದು ಹಗುರವಾಗಿ ಒಂದು ಸುತ್ತು ಹಾಕಿ, ಇನ್ನೊಂದರ ಅರ್ಧಕ್ಕೆ ನಿಂತಿತು. ಹಾಗಾದರೆ ಬಿಸಿ ಯಾಕೆ? ಅವರು ಬಲಗಡೆಯ ಬಾಗಿಲಿಗೆ ಕೈ ಇಟ್ಟರು. ಅದೂ ಬಿಸಿ. ಹಿಂದಿನ ಬಲಚಕ್ರವೂ ಬಿಸಿ. ಗಾಡಿ ಹಿದ್ ಕಡೆ ಮುಖ ಮಾಡಿತ್ತು, ಇಳಿಯುತ್ತಿದ್ದ ಬಿಸಿಲು ಪೂರ್ತಿ ಬಲಗಡೆಗೇ ಬೀಳುತ್ತಿತ್ತು.

"ಬಿಸಿಲು," ಎಂದರು. ಜಾಕಿ ಇಳಿಸತೊಡಗಿದರು. "ಬಿಸಿಲಿನ ಬಿಸಿ."

"ಬಿಸಿಲಿಗೆ ಆರು ನಿಮಿಷ ಕೊಟ್ಟಿರಿ," ಎಂದಳು ಪೌಲಿನ್.

ಗೋದಾಮಿನ ಗೇಟಿನ ಮುಂದೆ ಒಂಬತ್ತು ಟ್ರೇಲರುಗಳು ಸಾಲಾಗಿದ್ದವು. ಮೂರೂ ಐವತ್ತೆಂಟು. ಪೌಲಿನ್ ಕೆಳಗಿಳಿದು ದುಪಟ್ಟಾವನ್ನು ತಲೆಗೆ ಹಾಕಿಕೊಂಡು ಗೇಟಿನ ಕಡೆ ಓಡುನಡಿಗೆಯಲ್ಲಿ ಹೋದಳು. ಪಿಕಪ್ಪು ಒಳಗೆ ಸೇರಿದಾಗ ನಾಲ್ಕೂ ಒಂಬತ್ತಾಗಿತ್ತು.

ಲಕ್ಷ್ಮೀಪತಿ ದಾವಣಗೆರೆಯ ಕಡೆಯ ಇಂಜಿನಿಯರು. ಹಳದಿ ಜಾಕೀಟು, ಕೈಯಲ್ಲಿ ಕಾಗದದ ಹಲಗೆ. "ನಾಲ್ಕು ಅಂದ್ರೆ ನಾಲ್ಕು ರೀ ಲ್ಯಾನ್ಸಿ."

"ನಾಲ್ಕಕ್ಕೆ ನಾವು ಸಾಲಿನಲ್ಲಿದ್ದೆವು ಸರ್."

"ನಿಮ್ಮ ಮನೆಯವ್ರು ಬಂದು ಹೇಳಿದ್ರು. ಅದಕ್ಕೇ ಇನ್ನೂ ನಿಂತೀನಿ." ಅವರು ಯೂಸುಫಾಕನ ಕಡೆ ನೋಡಿದರು. "ಮೆಕ್ಯಾನಿಕ್ ನೀವೇನ್ರೀ? ಏನಾಗಿತ್ತು?"

ಲ್ಯಾನ್ಸಿ ತಟ್ಟನೆ, "ಮಾಸ್ಟರ್ ಸಿಲಿಂಡರ್ ಹಳೆಯದಾಗಿತ್ತು ಸರ್," ಎಂದ. ಅದು ಸುಳ್ಳಲ್ಲ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಯೂಸುಫಾಕ ಕಿಸೆಯಿಂದ ಪೇಪರಿನ ಪೊಟ್ಟಣ ತೆಗೆದು ಬಿಡಿಸಿದರು. ಊದಿದ ರಬ್ಬರು ಅದರಲ್ಲಿತ್ತು.

"ಬ್ರೇಕಿನ ಡಬ್ಬಿಗೆ ಸ್ಟೇರಿಂಗ್ ಆಯಿಲ್ ಬಿದ್ದಿತ್ತು ಸರ್. ನಾನು ಫೋನಿನಲ್ಲಿ ಸರಿಯಾಗಿ ಹೇಳ್ಲಿಲ್ಲ. ಮೊದಲ ಸಲ ಬಂದಾಗಲೇ ಮುಚ್ಚಳ ತೆಗೆದು ನೋಡ್ಬೇಕಿತ್ತು. ಮೂರನೇ ಸಲ ನೋಡಿದೆ. ಈಗ ರಬ್ಬರಿದ್ದದ್ದೆಲ್ಲ ಹೊಸದು."

ಲಕ್ಷ್ಮೀಪತಿ ರಬ್ಬರನ್ನು ಎರಡು ಬೆರಳಲ್ಲಿ ಒತ್ತಿ ನೋಡಿದರು. ಪಿಕಪ್ಪಿನ ಹಿಂದೆ ಹತ್ತು ಸಿಮೆಂಟು ಮೂಟೆ ಹೇರಿಸಿ, ಲ್ಯಾನ್ಸಿಯನ್ನು ಕೂರಿಸಿ, ಅದೇ ಇಳಿಜಾರಿನಲ್ಲಿ ಎಂಟು ಸಲ ಇಳಿಸಿದರು. ಪ್ರತಿ ಸಲವೂ ಬುಡದಲ್ಲಿ ಗಟ್ಟಿ ಬ್ರೇಕು. ಯೂಸುಫಾಕ ಗೋಡೆಯ ನೆರಳಿನಲ್ಲಿ ನಿಂತು ಮೂಗನ್ನು ಗಾಳಿಗೆ ಹಿಡಿದಿದ್ದರು. ಪಕ್ಕದಲ್ಲಿ ಪೌಲಿನ್ ಜಪಮಾಲೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಿದ್ದಳು. ವಾಸನೆ ಬರಲಿಲ್ಲ.

ಎಂಟನೆಯ ಸಲ ನಿಂತ ಮೇಲೆ ಲಕ್ಷ್ಮೀಪತಿ ಶಾಖ ಅಳೆಯುವ ಗನ್ನನ್ನು ಎರಡೂ ಚಕ್ರಕ್ಕೆ ಹಿಡಿದರು. ನೂರ ಆರು ಡಿಗ್ರಿ. ನೂರ ಒಂಬತ್ತು. ಐದು ನಿಮಿಷ ಕಾದು ಮತ್ತೆ ಹಿಡಿದರು. ಎರಡೂ ಒಂದೇ ಸಮ ಇಳಿದಿದ್ದವು.

"ಒಂದು ವರ್ಷದ ಪಾಸ್ ಕೊಡಲ್ಲ," ಎಂದರು. ಲ್ಯಾನ್ಸಿ ಕಾಗದದ ಹಲಗೆಯ ಕಡೆ ಬಗ್ಗಿದ. "ಒಂದು ತಿಂಗಳಿಂದು ಕೊಡ್ತೀನಿ. ಮುಂದಿನ ತಿಂಗಳು ಮತ್ತೆ ಬರ್ರಿ. ಆವಾಗ ಮುಚ್ಚಳ ನಾನೇ ತೆಗೆದು ನೋಡ್ತೀನಿ. ಸರಿ ಇದ್ರೆ ವರ್ಷದ್ದು." ಆಮೇಲೆ ಯೂಸುಫಾಕನ ಕಡೆ ತಿರುಗಿ, "ಅಲ್ರೀ, ಅದಕ್ಕೆ ಬ್ರೇಕ್ ಫ್ಲೂಯಿಡ್ ಅಂತಾರೆ, ಗೊತ್ತಿಲ್ವಾ?"

"ಗೊತ್ತುಂಟು ಸರ್. ಬಾಯಿಗೆ ಬರುದಿಲ್ಲ."

ವಾಪಸು ಬರುವಾಗ ಲ್ಯಾನ್ಸಿ ಓಡಿಸಿದ. ಪಿಕಪ್ಪು ಸೇತುವೆ ದಾಟಿತು. ಆಮೇಲೆ ಲ್ಯಾನ್ಸಿಯೇ ಬದಿಗೆ ನಿಲ್ಲಿಸಿ, ಇಳಿದು, ಮುಂದಿನ ಎರಡೂ ಚಕ್ರಕ್ಕೆ ಕೈಯ ಹಿಂಭಾಗ ಹಿಡಿದು ಬಂದ. ಹತ್ತಿ ಗೇರು ಹಾಕಿದ.

"ನನಗೆ ಬೈದದ್ದಕ್ಕೆ ಎಂತ?" ಎಂದು ಪೌಲಿನ್ ಕಿಟಕಿಯ ಹೊರಗೆ ನೋಡುತ್ತ ಕೇಳಿದಳು.

"ಅದು ಯೂಸುಫಾಕನ ಲೆಕ್ಕಕ್ಕೆ," ಎಂದ ಲ್ಯಾನ್ಸಿ.

"ನನ್ನದೇ," ಎಂದರು ಯೂಸುಫಾಕ.

ಶೆಡ್ಡಿಗೆ ಬಂದ ಮೇಲೆ ಅವರು ಪಿಕಪ್ಪನ್ನು ಕೂಡಲೇ ಬಿಡಲಿಲ್ಲ. ಬಾನೆಟ್ ಎತ್ತಿಸಿ, ಬಿಳಿ ಪೇಂಟಿನ ಡಬ್ಬಿಯನ್ನೂ ತೆಳು ಬ್ರಶ್ಶನ್ನೂ ತಂದರು. ಎಂಟನೇ ಕ್ಲಾಸಿನಲ್ಲಿ ಶಾಲೆ ಬಿಟ್ಟ ಮೇಲೆ ಅವರು ಕನ್ನಡ ಬರೆದದ್ದು ಸಾಮಾನಿನ ಪಟ್ಟಿಯಲ್ಲಿ ಮಾತ್ರ. ಬ್ರೇಕಿನ ಡಬ್ಬಿಯ ಮುಚ್ಚಳದ ಮೇಲೆ, ಉಸಿರು ಹಿಡಿದು, ಒಂದೊಂದೇ ಅಕ್ಷರ ಮೂಡಿಸಿದರು: ಎಣ್ಣೆ ಅಲ್ಲ.

ಪೌಲಿನ್ ಬಗ್ಗಿ ಓದಿದಳು. "ಎಣ್ಣೆ ಅಲ್ಲ ಸರಿ. ಮತ್ತೆ ಎಂತ ಅಂತ ಬರೆಯುದಿಲ್ವಾ?"

ಯೂಸುಫಾಕ ಬ್ರಶ್ಶನ್ನು ಹಿಡಿದುಕೊಂಡೇ ಮುಚ್ಚಳವನ್ನು ನೋಡಿದರು. ಅದರಲ್ಲಿ ಇನ್ನು ಒಂದು ಅಕ್ಷರಕ್ಕೂ ಜಾಗ ಇರಲಿಲ್ಲ.

"ನನಗೆ ಫೋನ್ ಮಾಡಿ," ಎಂದರು. "ಫೋಟೋ ಕಳುಹಿಸ್ತೇನೆ."